ಒತ್ತು

ಮೊದಲು ಸೋತದ್ದು ಎಫ್.
ಎಂಟು ವರ್ಷದ ಕರಿ ಕೀಲಿಮಣೆ,
ಉಳಿದೆಲ್ಲ ಕೀಲಿ ಗಟ್ಟಿ,
ನನ್ನ ಅಷ್ಟೂ ಸಿಟ್ಟು ತಿಂದ ಎಸ್ಕೇಪು ಕೂಡ.

ನನ್ನ ವಿನ್ಯಾಸದಲ್ಲಿ ಎಫ್ ಅಂದರೆ ಅರ್ಧಾಕ್ಷರ.
ಒತ್ತಿದರೆ ಒತ್ತು.
ಇದು ಮಾತಿನ ಚಮತ್ಕಾರವಲ್ಲ.
ದುರ್ಗಿಗುಡಿಯ ಮೂರನೇ ಮಹಡಿಯಲ್ಲಿ ಕೂತು
ಹಾಲಿನ ಸೊಸೈಟಿಗಳಿಗೆ ತಂತ್ರಾಂಶ ಬರೆಯುವವಳ
ದಿನಗೂಲಿಯ ಸತ್ಯ.

ಕೋಡಿನಲ್ಲಿ ಎಫ್ ಬಿಟ್ಟುಹೋದರೆ
ಯಂತ್ರ ಕೆಂಪಗೆ ಕೂಗಿಕೊಳ್ಳುತ್ತದೆ.
ಹೆಸರಿನಲ್ಲಿ ಬಿಟ್ಟುಹೋದರೆ
ಅದಕ್ಕೆ ಏನೂ ಅನ್ನಿಸುವುದಿಲ್ಲ.

ಕುಂಸಿ ಕಡೆಯಿಂದ ಕಾರ್ಯದರ್ಶಿಯ ಫೋನು:
"ಮೇಡಂ, ನಮ್ ನಿಂಗವ್ವ ನಿಂಗವವ ಆಗಿದಾಳೆ,
ಹಾಲಪ್ಪ ಹಾಲಪಪ.
ಚೀಟಿ ಹಿಡ್ಕೊಂಡು ಎಲ್ರೂ ನಗ್ತಾ ಇದಾರೆ.
ಲೀಟರ್ ಲೆಕ್ಕ ಸರಿ ಇದೆ, ಅದಕ್ಕೇನಿಲ್ಲ."

ಫೋನಿಟ್ಟು ಎಣಿಸಿದೆ.
ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜ, ತಮ್ಮ, ದೊಡ್ಡಪ್ಪ:
ಅರ್ಧ ಬಳಗ ಎಫ್ ಮುಟ್ಟದೆ ಹೊಸಿಲು ದಾಟುವುದಿಲ್ಲ.
ಮಾವ ಒಬ್ಬ ಬರುತ್ತಾನೆ,
ಯಾರನ್ನೂ ಕೇಳದೆ, ಚಪ್ಪಲಿ ಹಾಕಿಕೊಂಡೇ.

ಹೊಸದು ತಗೋ ಅಂದರು ಗೊತ್ತಿದ್ದವರು.
ಎರಡು ಹೋಳಾಗಿ ಸೀಳಿದ ಕೀಲಿಮಣೆಯಂತೆ,
ಒಂದೊಂದು ಕೈಗೆ ಒಂದೊಂದು,
ಬೆಲೆಯಲ್ಲಿ ಒಂದು ಕರು ಬರುತ್ತದೆ.
ನನಗೆ ಇದೇ ಸಾಕು. ಮಣಿಕಟ್ಟಿನಡಿ
ರಾಗಿ ತುಂಬಿ ಹೊಲಿದ ಚೀಲ,
ಭದ್ರಾವತಿ ಗುಜರಿಯಲ್ಲಿ ಸಿಕ್ಕ ಕಬ್ಬಿಣದ ಮೇಜು,
ಕರಿ ಪರದೆ, ಹಸಿರು ಅಕ್ಷರ. ಮೌಸು ಇಲ್ಲ.
ಮೌಸಿಗೆ ಕೈ ಚಾಚುವವಳ ಬೆರಳಿಗೆ
ಫಿಲೋಮಿನಾ ಟೀಚರ ಅಡಿಪಟ್ಟಿ ಬೀಳುತ್ತಿತ್ತು,
ಆಗ ಮೌಸೇ ಇರಲಿಲ್ಲ, ಆದರೂ.
ಅವರ ಟೈಪಿಂಗ್ ಯಂತ್ರದಲ್ಲಿ
ಒತ್ತುಗಳಿಗೆ ಬೇರೆಯೇ ಕೀಲಿಗಳಿದ್ದವು.
"ಇವು ಅಕ್ಷರದ ಕಾಲಿಗೆ ಬೀಳೋ ಮಕ್ಕಳು,
ಮೆಲ್ಲಗೆ ಮುಟ್ಟು" ಅನ್ನುತ್ತಿದ್ದರು.
ನಾನು ಮೆಲ್ಲಗೆ ಮುಟ್ಟಲಿಲ್ಲ. ಅದಕ್ಕೇ ಈ ಗತಿ.

ಗಾಂಧಿ ಬಜಾರಿನ ಸಂದಿಯಲ್ಲಿ
ಮಿಕ್ಸಿ ರಿಪೇರಿಯ ಇಮ್ತಿಯಾಜ್
ಕೀಲಿಮಣೆಯನ್ನು ಮಗುಚಿ ಹಾಕಿದ.
ಉದುರಿದ್ದು: ಎಳ್ಳು, ಒಂದು ಸ್ಟೇಪಲ್ ಪಿನ್ನು, ನನ್ನದೇ ಕೂದಲು.
"ಇದ್ರ ಸ್ವಿಚ್ಚು ಸಿಗಲ್ಲ ಮೇಡಂ. ನೀಲಿದು ಐತೆ,
ಸ್ವಲ್ಪ ಸದ್ದು ಮಾಡುತ್ತೆ."
ಬೆಸುಗೆಯ ಹೊಗೆ ಎದ್ದಿತು. ನಲವತ್ತು ರೂಪಾಯಿ.

ಈಗ ನೂರ ನಾಲ್ಕು ಕೀಲಿಗಳಲ್ಲಿ
ನೂರ ಮೂರು ಮೌನಿ,
ಒಂದು ಮಾತ್ರ ಟಕ್.
ಇಫ್ ಎಂದಾಗ ಟಕ್, ಫಾಲ್ಸ್ ಎಂದಾಗ ಟಕ್,
ಅಂದರೆ, ಒಂದು ವೇಳೆ ಎಂದರೂ ಟಕ್,
ಸುಳ್ಳು ಎಂದರೂ ಟಕ್.
ಮತ್ತೆ ರಾತ್ರಿ, ರಿಜಿಸ್ಟರು ತೆರೆದು
ಹೆಸರು ತುಂಬಿಸಲು ಕೂತರೆ
ಟಕ್, ಟಕ್, ಟಕ್,
ಊರಿಗೆ ಊರೇ ಬಾಗಿಲು ತಟ್ಟಿದ ಹಾಗೆ.

ಪಕ್ಕದ ಕೋಣೆಯಲ್ಲಿ ತಂಗಿ ಶಾಂಭವಿ,
ಬೆಳಗಿನ ಪಾಳಿಯ ನರ್ಸು, ನಿದ್ದೆ ಬಾರದವಳು,
ಗೋಡೆಯಾಚೆಯಿಂದ ಒಗಟು ಬಿಡಿಸುತ್ತಾಳೆ:
"ಎರಡು. ರುದ್ರಮ್ಮ?"
ಅಲ್ಲ, ಸಿದ್ದಪ್ಪ.
"ಮೂರು! ಪುಟ್ಟಸಿದ್ದಪ್ಪ. ಅವನ ಮಗ ಇರಬೇಕು."
ಮೊಮ್ಮಗ, ಅಂದೆ. ನಕ್ಕಳು.

ಆಮೇಲೆ ಒಂದು ಮಾತು ಕೇಳಿದಳು,
ನಿದ್ದೆಗಣ್ಣಿನಲ್ಲೋ ಏನೋ:
"ನನ್ನ ಹೆಸರು ಹೊಡಿ ನೋಡೋಣ."

ಹೊಡೆದೆ.
ಶಾಂಭವಿ. ಒಂದು ಸೊನ್ನೆ ಬಿಟ್ಟರೆ ಏನಿಲ್ಲ.
ತಂಗಿ ಅಂತಲೂ ಹೊಡೆದೆ.
ಅದರಲ್ಲೂ ಸೊನ್ನೆಯೇ.

"ಹೊಡಿಯೇ."
ಹೊಡೆದೆ ಮಾರಾಯ್ತಿ, ಎರಡು ಸಲ.
"ಸುಳ್ಳು."

ನಾಳೆ ಇಮ್ತಿಯಾಜನ ಅಂಗಡಿಗೆ ಹೋಗಬೇಕು.
ಎಮ್ಮಿಗೂ ಒಂದು ನೀಲಿ.
ಇನ್ನೊಂದು ನಲವತ್ತು ಹೋದರೆ ಹೋಯಿತು.